ಮೂರನೇ ನಂಬರಿನ ಅಂಗಿ

ಇಂಗ್ಲೆಂಡಿನ ಫುಟ್‌ಬಾಲ್ ದಾಖಲೆಗಳಲ್ಲಿ ಗೋಲು ಹೊಡೆದವರ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಒಂದೇ ಕ್ಲಬ್ಬಿನ ಪರವಾಗಿ ಅತಿ ಹೆಚ್ಚು ಲೀಗ್ ಪಂದ್ಯಗಳನ್ನು ಆಡಿದವರು ಯಾರು ಎಂದು ಕೇಳಿದರೆ ಮಾತ್ರ ಕಟ್ಟಾ ಅಭಿಮಾನಿಯೂ ಒಂದು ಗಳಿಗೆ ತಡವರಿಸುತ್ತಾನೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ ಹೆಸರನ್ನು ಹೇಳಿ ಪಾರಾಗಲು ನೋಡುವವರೇ ಹೆಚ್ಚು, ಆದರೆ ಗಿಗ್ಸ್ ಆಡಿದ ಲೀಗ್ ಪಂದ್ಯಗಳು 672. ಅದಕ್ಕಿಂತ ಸುಮಾರು ನೂರು ಹೆಚ್ಚು, ಅಂದರೆ 770 ಲೀಗ್ ಪಂದ್ಯಗಳನ್ನು ಒಂದೇ ಕ್ಲಬ್ಬಿಗಾಗಿ ಆಡಿ, 1980ರಿಂದ 2023ರವರೆಗೆ ಆ ದಾಖಲೆಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡಿದ್ದವನು ಜಾನ್ ಟ್ರಾಲಪ್ ಎಂಬ ಲೆಫ್ಟ್ ಬ್ಯಾಕ್. ಕ್ಲಬ್ಬು ಸ್ವಿಂಡನ್ ಟೌನ್. ಟಿ.ವಿ. ಪರದೆಯಲ್ಲಿ ಪ್ರೀಮಿಯರ್ ಲೀಗನ್ನಷ್ಟೇ ನೋಡಿದ ಕನ್ನಡದ ಓದುಗನಿಗೆ ಈ ಎರಡು ಹೆಸರುಗಳಲ್ಲಿ ಒಂದೂ ಪರಿಚಿತವಲ್ಲದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಇಂಗ್ಲಿಷ್ ಫುಟ್‌ಬಾಲಿನ ವೃತ್ತಿಪರ ಕ್ಲಬ್ಬುಗಳು ಒಟ್ಟು 92. ಅವು ನಾಲ್ಕು ಅಂತಸ್ತುಗಳಲ್ಲಿ ಹಂಚಿಹೋಗಿದ್ದು, ಪ್ರತಿ ವರ್ಷವೂ ಮೇಲಿನ ಅಂತಸ್ತಿನ ಕೊನೆಯವರು ಕೆಳಗಿಳಿಯುತ್ತಾರೆ, ಕೆಳಗಿನ ಅಂತಸ್ತಿನ ಮೊದಲಿಗರು ಮೇಲೇರುತ್ತಾರೆ. 1992ರಲ್ಲಿ ಮೇಲಿನ ಅಂತಸ್ತು ಪ್ರೀಮಿಯರ್ ಲೀಗ್ ಎಂಬ ಹೆಸರಿನಲ್ಲಿ ಬೇರೆ ಮನೆ ಹೂಡಿದ ಮೇಲೆ ಉಳಿದ ಮೂರಕ್ಕೆ ಸೇರಿದ 72 ಕ್ಲಬ್ಬುಗಳದೇ ಒಂದು ಪ್ರತ್ಯೇಕ ಸಂಸಾರ. ಈ ಅಂತಸ್ತುಗಳಿಗೆ ಹೆಸರು ಇಟ್ಟವರು ಗಣಿತದ ಮೇಲೆ ಏನೋ ಹಗೆ ಸಾಧಿಸಿದಂತೆ ಈಗ ಮೂರನೆಯ ಅಂತಸ್ತನ್ನು ಲೀಗ್ ಒನ್ ಎಂದೂ ನಾಲ್ಕನೆಯದನ್ನು ಲೀಗ್ ಟೂ ಎಂದೂ ಕರೆಯಲಾಗುತ್ತದೆ. ಟ್ರಾಲಪ್‌ನ ಕಾಲದಲ್ಲಿ ಅವು ನೇರವಾಗಿ ಥರ್ಡ್ ಡಿವಿಷನ್, ಫೋರ್ತ್ ಡಿವಿಷನ್ ಆಗಿದ್ದವು, ಮತ್ತು ಅವನ ಬದುಕಿನ ಹೆಚ್ಚಿನ ಪಾಲು ಕಳೆದದ್ದು ಥರ್ಡ್ ಡಿವಿಷನ್ನಿನಲ್ಲಿ.

ಸ್ವಿಂಡನ್ ರೈಲಿನ ಊರು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್ ಕಾರ್ಖಾನೆ 1843ರಲ್ಲಿ ಅಲ್ಲಿ ಶುರುವಾಗಿ 1986ರವರೆಗೆ ನಡೆಯಿತು. ಊರಿನ ಗಂಡಸರಲ್ಲಿ ಬಹುಪಾಲು ತಲೆಮಾರುಗಳ ಕಾಲ ಅದೇ ಗೇಟಿನೊಳಗೆ ಹೋಗಿ ಅದೇ ಗೇಟಿನಿಂದ ಹೊರಬರುತ್ತಿದ್ದರು, ಮತ್ತು ಒಂದೇ ಕಡೆ ದುಡಿದು ಅಲ್ಲೇ ನಿವೃತ್ತಿಯಾಗುವುದು ಅಲ್ಲಿ ವಿಶೇಷವೆನಿಸುತ್ತಿರಲಿಲ್ಲ. ಆ ಊರಿಗೆ ಅಂಟಿಕೊಂಡಂತಿರುವ ರಾಟನ್ ಎಂಬ ಹಳ್ಳಿಯಲ್ಲಿ 1943ರಲ್ಲಿ ಹುಟ್ಟಿದ ಟ್ರಾಲಪ್, 1960ರ ಆಗಸ್ಟ್‌ನಲ್ಲಿ ಹ್ಯಾಲಿಫ್ಯಾಕ್ಸ್ ಟೌನ್ ವಿರುದ್ಧ ಮೊದಲ ಪಂದ್ಯ ಆಡಿದಾಗ ಅವನಿಗೆ 17 ವರ್ಷ. ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಗರಿಷ್ಠ ವೇತನದ ನಿಯಮ ರದ್ದಾದದ್ದು 1961ರ ಜನವರಿಯಲ್ಲಿ, ಆದ್ದರಿಂದ ಹಳೆಯ ಪದ್ಧತಿಯಲ್ಲಿ ಆರಂಭವಾದ ಕೊನೆಯ ಋತುವಿನಲ್ಲಿ ಅವನು ಕಾಲಿಟ್ಟನೆನ್ನಬೇಕು. ಕರಾರು ಮುಗಿದ ಮೇಲೂ ಆಟಗಾರನನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವ ಹಕ್ಕು ಕ್ಲಬ್ಬಿಗಿದ್ದ ಇನ್ನೊಂದು ಪದ್ಧತಿಯನ್ನು ನ್ಯೂಕಾಸಲ್‌ನ ಜಾರ್ಜ್ ಈಸ್ಟ್‌ಹ್ಯಾಂ ಕೋರ್ಟಿಗೆ ಒಯ್ದು, 1963ರಲ್ಲಿ ಅದು ವೃತ್ತಿಸ್ವಾತಂತ್ರ್ಯಕ್ಕೆ ತಡೆ ಎಂಬ ತೀರ್ಪು ಪಡೆದ. ಹಳೆಯ ಕಾಲದವರು ಒಂದೇ ಕ್ಲಬ್ಬಿನಲ್ಲಿ ಉಳಿಯುತ್ತಿದ್ದುದು ನಿಷ್ಠೆಯಿಂದಲೋ ನಿರ್ಬಂಧದಿಂದಲೋ ಎಂಬ ಸಂಶಯ ಸಹಜವಾಗಿಯೇ ಏಳುತ್ತದೆ. ಆದರೆ ಟ್ರಾಲಪ್‌ನ ವಿಚಾರದಲ್ಲಿ ಆ ಸಂಶಯ ಮೂರು ವರ್ಷಕ್ಕಷ್ಟೇ ಸಲ್ಲುತ್ತದೆ, ಉಳಿದ ಹದಿನೇಳು ವರ್ಷ ಅವನು ಬಾಗಿಲು ಸಡಿಲವಾದ ಮನೆಯಲ್ಲಿ ತಾನಾಗಿಯೇ ಕೂತಿದ್ದವನು.

ಕೂರದೆ ಎದ್ದು ಹೋದವರು ಅವನ ಸುತ್ತಲೇ ಇದ್ದರು. ಬರ್ಟ್ ಹೆಡ್ ಎಂಬ ಮ್ಯಾನೇಜರ್ ಆ ಹೊತ್ತಿನಲ್ಲಿ ಸ್ಥಳೀಯ ಎಳೆಯರನ್ನೇ ಕಟ್ಟಿಕೊಂಡು ತಂಡವನ್ನು ಬೆಳೆಸಿ, 1963ರಲ್ಲಿ ಸ್ವಿಂಡನನ್ನು ಮೊದಲ ಬಾರಿಗೆ ಸೆಕೆಂಡ್ ಡಿವಿಷನ್ನಿಗೆ ಏರಿಸಿದ. ಆ ಎಳೆಯರಲ್ಲಿ ಮೈಕ್ ಸಮರ್‌ಬೀ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ಲೀಗ್ ಚಾಂಪಿಯನ್ ಆದ, ಇಂಗ್ಲೆಂಡ್ ತಂಡಕ್ಕೂ ಆಡಿದ. ಅರ್ನಿ ಹಂಟ್ ಕೂಡ ದೊಡ್ಡ ಕ್ಲಬ್ಬುಗಳ ದಾರಿ ಹಿಡಿದ. ಎರಡೇ ವರ್ಷದಲ್ಲಿ, 1965ರಲ್ಲಿ, ತಂಡ ಮತ್ತೆ ಕೆಳಗಿಳಿಯಿತು; ಎಡಬದಿಯಲ್ಲಿ ಮೂರನೇ ನಂಬರಿನ ಅಂಗಿ ತೊಟ್ಟವನು ಅಲ್ಲೇ ಇದ್ದ.

ಲೆಫ್ಟ್ ಬ್ಯಾಕ್ ಎಂದರೆ ರಕ್ಷಣಾ ಸಾಲಿನ ಎಡತುದಿಯಲ್ಲಿ ನಿಂತು, ಎದುರಾಳಿಯ ಬಲಬದಿಯಿಂದ ಓಡಿಬರುವ ವಿಂಗರನ್ನು ತಡೆಯುವವನು. ಆಟದ ಎಲ್ಲ ಸ್ಥಾನಗಳಲ್ಲಿ ಇದಕ್ಕೆ ಸಲ್ಲುವ ಚಪ್ಪಾಳೆ ಬಹುಶಃ ಅತಿ ಕಡಿಮೆ, ಏಕೆಂದರೆ ಈ ಕೆಲಸ ಚೆನ್ನಾಗಿ ನಡೆದಾಗ ಏನೂ ನಡೆಯುವುದಿಲ್ಲ. ಹೊಸಬನಾದರೆ ಚೆಂಡು ಕಂಡೊಡನೆ ಕಾಲು ಚಾಚುತ್ತಾನೆ, ವಿಂಗರ್ ಚೆಂಡನ್ನು ಒಂದು ಗೇಣು ಸರಿಸಿ ಅವನನ್ನು ದಾಟುತ್ತಾನೆ, ಮೈದಾನ ಬಾಯಿ ತೆರೆಯುತ್ತದೆ. ಪಳಗಿದವನಾದರೆ ಎದುರಾಳಿಗೆ ನೇರವಾಗಿ ಮುಖ ಕೊಡದೆ ಮೈಯನ್ನು ಓರೆಯಾಗಿ ನಿಲ್ಲಿಸಿ, ಗೋಲಿನ ಕಡೆಯ ದಾರಿಯನ್ನು ಮುಚ್ಚಿ, ಬದಿಗೆರೆಯ ಕಡೆಯ ದಾರಿಯನ್ನು ಬೇಕೆಂದೇ ತೆರೆದಿಟ್ಟು, ಕಾಲು ಚಾಚದೆ ಹೆಜ್ಜೆಹೆಜ್ಜೆಗೂ ಹಿಂದೆ ಸರಿಯುತ್ತ ಹೋಗುತ್ತಾನೆ. ವಿಂಗರ್ ತೆರೆದ ದಾರಿಯೇ ಲಾಭವೆಂದು ಅತ್ತ ತಿರುಗಿದಷ್ಟೂ ಬಿಳಿಗೆರೆ ಹತ್ತಿರವಾಗುತ್ತದೆ, ಕೊನೆಗೆ ಚೆಂಡು ಗೆರೆ ದಾಟಿ ಥ್ರೋ ಆಗುತ್ತದೆ ಇಲ್ಲವೇ ಹಿಂದಕ್ಕೆ ಹೋಗುತ್ತದೆ. ಪ್ರೇಕ್ಷಕರು ವಿಂಗರ್ ಸೋತನೆನ್ನುತ್ತಾರೆಯೇ ಹೊರತು ಬ್ಯಾಕ್ ಗೆದ್ದನೆನ್ನುವುದಿಲ್ಲ.

ಸ್ವಿಂಡನ್‌ನ ಎಡಬದಿಗೆ ಇನ್ನೂ ಒಂದು ಹೊರೆಯಿತ್ತು. ಟ್ರಾಲಪ್‌ನ ಮುಂದೆ, ಅದೇ ಎಡಬದಿಯಲ್ಲಿ ಆಡುತ್ತಿದ್ದವನು ಡಾನ್ ರಾಜರ್ಸ್. ಚೆಂಡು ಕಾಲಿಗೆ ಸಿಕ್ಕರೆ ಮೂವರನ್ನು ದಾಟಿ ಗೋಲಿನ ಮುಂದೆ ನಿಲ್ಲುವ, ಆ ಕ್ಲಬ್ಬು ಕಂಡ ಅತ್ಯಂತ ಪ್ರೀತಿಯ ವಿಂಗರ್. ಅಂಥವನು ಮುಂದೆ ಓಡಿದಾಗಲೆಲ್ಲ ಅವನ ಬೆನ್ನ ಹಿಂದೆ ಖಾಲಿಯಾಗುವ ಹೊಲವನ್ನು ಕಾಯಲು ಒಬ್ಬ ಬೇಕು. ರಾಜರ್ಸ್‌ನ ಹೆಸರಿನ ಸ್ಟ್ಯಾಂಡ್ ಇಂದು ಸ್ವಿಂಡನ್‌ನ ಕೌಂಟಿ ಗ್ರೌಂಡಿನಲ್ಲಿದೆ. ಆ ಓಟಗಳಿಗೆ ತೆತ್ತ ಕಾವಲಿನ ಕೂಲಿಯನ್ನು ಲೆಕ್ಕ ಹಿಡಿದರೆ ಆ ಸ್ಟ್ಯಾಂಡಿನ ಅರ್ಧ ಇಟ್ಟಿಗೆಗಳಾದರೂ ಟ್ರಾಲಪ್‌ನ ಪಾಲಿಗೆ ಬರಬೇಕು.

ಅವನ ಅಂಕಿಗಳಲ್ಲಿ 770ಕ್ಕಿಂತಲೂ ಬೆರಗು ಹುಟ್ಟಿಸುವ ಅಂಕಿ ಇನ್ನೊಂದಿದೆ. 1961ರಿಂದ 1968ರ ಆಗಸ್ಟ್‌ವರೆಗೆ ಅವನು ಒಂದನ್ನೂ ಬಿಡದೆ ಸತತವಾಗಿ 368 ಪಂದ್ಯಗಳನ್ನು ಆಡಿದ; ಕೊನೆಗೆ ಹಾರ್ಟ್ಲ್‌ಪೂಲ್ ವಿರುದ್ಧದ ಪಂದ್ಯದಲ್ಲಿ ಕೈಮೂಳೆ ಮುರಿದದ್ದರಿಂದ ಆ ಸರಣಿ ತುಂಡಾಯಿತು. ಆ ಕಾಲದ ಮೈದಾನವನ್ನು ನೆನೆಯದೆ ಈ ಅಂಕಿಯ ತೂಕ ತಿಳಿಯುವುದಿಲ್ಲ. 1965ರವರೆಗೆ ಲೀಗ್ ಪಂದ್ಯಗಳಲ್ಲಿ ಬದಲಿ ಆಟಗಾರನೆಂಬವನೇ ಇರಲಿಲ್ಲ. ಕಾಲು ಉಳುಕಿದವನು ಹೊರಗೆ ಹೋದರೆ ತಂಡ ಹತ್ತೇ ಜನರಿಂದ ಆಡಬೇಕಾಗುತ್ತಿದ್ದುದರಿಂದ ಅವನನ್ನು ವಿಂಗ್‌ನಲ್ಲಿ ಕುಂಟುತ್ತ ನಿಲ್ಲಿಸುವುದು ವಾಡಿಕೆ. ನವೆಂಬರ್ ಬಂತೆಂದರೆ ನಡುಮೈದಾನದ ಹುಲ್ಲು ಮಾಯವಾಗಿ ಮಾರ್ಚ್‌ವರೆಗೂ ಕೆಸರು, ಚೆಂಡು ನೀರು ಕುಡಿದು ಭಾರವಾಗುವ ತೊಗಲಿನದು. ಇಂದು ಐವರನ್ನು ಬದಲಿಸಬಹುದು, ಬಾಧೆಯಿಲ್ಲದಿದ್ದರೂ ವಿಶ್ರಾಂತಿಯ ನೆಪದಲ್ಲಿ ಆಟಗಾರನನ್ನು ಹೊರಗಿಡುವುದು ಶಾಸ್ತ್ರವೇ ಆಗಿದೆ. ಅಂದು ವಿಶ್ರಾಂತಿ ಎಂದರೆ ಜಾಗ ಕಳೆದುಕೊಳ್ಳುವುದು ಎಂದೇ ಅರ್ಥ.

ಕೈ ಕೂಡಿಕೊಂಡು ಟ್ರಾಲಪ್ ಮರಳಿದ ಆ ಋತುವೇ ಸ್ವಿಂಡನ್‌ನ ಚರಿತ್ರೆಯಲ್ಲಿ ದೊಡ್ಡದಾಯಿತು. ಎಲ್ಲ ಅಂತಸ್ತಿನ ಕ್ಲಬ್ಬುಗಳೂ ಸೋತರೆ ಹೊರಗೆ ಎಂಬ ಕ್ರಮದಲ್ಲಿ ಸೆಣಸುವ ಲೀಗ್ ಕಪ್‌ನ ಫೈನಲ್ಲಿಗೆ ಡ್ಯಾನಿ ವಿಲಿಯಮ್ಸ್ ತರಬೇತಿಯ ಈ ಥರ್ಡ್ ಡಿವಿಷನ್ ತಂಡ ತಲುಪಿ, 1969ರ ಮಾರ್ಚ್ 15ರಂದು ವೆಂಬ್ಲಿಯಲ್ಲಿ ಆರ್ಸೆನಲ್‌ಗೆ ಎದುರಾಯಿತು. 98,000ಕ್ಕೂ ಹೆಚ್ಚು ಜನ ಕೂಡಿದ್ದ ಆ ಮೈದಾನ ಕುದುರೆ ಪ್ರದರ್ಶನಕ್ಕೂ ಬಳಕೆಯಾಗಿ, ಮೇಲೆ ಮಳೆಯೂ ಸುರಿದು, ಗದ್ದೆಯಂತಾಗಿತ್ತು. ಆರ್ಸೆನಲ್‌ನ ರಕ್ಷಕ ಇಯನ್ ಯೂರ್ ಮತ್ತು ಗೋಲ್‌ಕೀಪರ್ ಬಾಬ್ ವಿಲ್ಸನ್ ನಡುವಿನ ಗೊಂದಲದಲ್ಲಿ ಸಿಕ್ಕ ಚೆಂಡನ್ನು ರಾಜರ್ ಸ್ಮಾರ್ಟ್ ಒಳಗೆ ತಳ್ಳಿದ. 86ನೇ ನಿಮಿಷದವರೆಗೆ ಆ ಒಂದು ಗೋಲನ್ನು ಸ್ವಿಂಡನ್‌ನ ಹಿಂಬದಿ ಕಾಯ್ದಿತು, ಗೋಲ್‌ಕೀಪರ್ ಪೀಟರ್ ಡೌನ್ಸ್‌ಬರೋ ಅಂದು ಮನುಷ್ಯನಂತೆ ಆಡಲಿಲ್ಲ. ಅವನೇ ಮುಂದೆ ನುಗ್ಗಿ ಒದ್ದ ಚೆಂಡು ಬಾಬಿ ಗೂಲ್ಡ್‌ಗೆ ಬಡಿದು ಆರ್ಸೆನಲ್ ಸಮ ಮಾಡಿಕೊಂಡಾಗ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದರು. ಆದರೆ ಹೆಚ್ಚುವರಿ ಅವಧಿಯಲ್ಲಿ ರಾಜರ್ಸ್ ಎರಡು ಗೋಲು ಹೊಡೆದ. ಎರಡನೆಯದು ಅರ್ಧ ಮೈದಾನವನ್ನು ಒಂಟಿಯಾಗಿ ಓಡಿ, ವಿಲ್ಸನ್‌ನನ್ನೂ ದಾಟಿ ಹಾಕಿದ್ದು. 3–1. ಸೋತವರು ಅಡ್ಡಹಾದಿಯ ತಂಡವಲ್ಲ: ವಿಲ್ಸನ್, ಮೆಕ್ಲಿಂಟಾಕ್, ರ‍್ಯಾಡ್‌ಫರ್ಡ್ ಅವರಿದ್ದ ಅದೇ ಆರ್ಸೆನಲ್ 1971ರಲ್ಲಿ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಒಂದೇ ವರ್ಷ ಗೆದ್ದಿತು.

ಕಪ್ ಗೆದ್ದವರಿಗೆ ಯುರೋಪಿನ ಫೇರ್ಸ್ ಕಪ್‌ನಲ್ಲಿ ಸಿಗಬೇಕಾದ ಜಾಗವನ್ನು ಥರ್ಡ್ ಡಿವಿಷನ್ನಿನವರೆಂಬ ಕಾರಣಕ್ಕೆ ಸ್ವಿಂಡನ್‌ಗೆ ಕೊಡಲಿಲ್ಲ. ಸಮಾಧಾನಕ್ಕೆಂದು ಹೂಡಿದ ಆಂಗ್ಲೋ-ಇಟಾಲಿಯನ್ ಲೀಗ್ ಕಪ್‌ನಲ್ಲಿ ಅವರು ರೋಮಾವನ್ನು ತವರಿನಲ್ಲಿ 4–0ಯಿಂದ ಬಡಿದರು. ಅದೇ 1969ರಲ್ಲಿ ತಂಡ ಸೆಕೆಂಡ್ ಡಿವಿಷನ್ನಿಗೂ ಏರಿತು, 1974ರಲ್ಲಿ ಮತ್ತೆ ಇಳಿಯಿತು. ಈ ಏರಿಳಿತವೆಲ್ಲ ಟ್ರಾಲಪ್‌ಗೆ ನೆರೆಮನೆಯ ಹಬ್ಬದಷ್ಟೇ ಅಭ್ಯಾಸವಾಗಿರಬೇಕು.

ಒಂದೇ ಕ್ಲಬ್ಬಿನ ದಾಖಲೆ ಅವನಿಗಿಂತ ಮುಂಚೆ ಪೋರ್ಟ್ಸ್‌ಮತ್‌ನ ಜಿಮ್ಮಿ ಡಿಕಿನ್ಸನ್‌ನದಾಗಿತ್ತು: 1946ರಿಂದ 1965ರವರೆಗೆ 764. ಡಿಕಿನ್ಸನ್ ಇಂಗ್ಲೆಂಡಿಗೆ 48 ಬಾರಿ ಆಡಿದವನು, 1949 ಮತ್ತು 1950ರಲ್ಲಿ ಲೀಗ್ ಚಾಂಪಿಯನ್ ಆದ ತಂಡದವನು. 1980ರಲ್ಲಿ ಆ ಅಂಕಿಯನ್ನು ದಾಟಿ 770ಕ್ಕೆ ನಿಂತ ಟ್ರಾಲಪ್‌ನ ಹೆಸರಿನ ಮುಂದೆ ಹಿರಿಯರ ಇಂಗ್ಲೆಂಡ್ ತಂಡದ ಒಂದು ಪಂದ್ಯವೂ ಇಲ್ಲ. ಮರುವರ್ಷ ಅವನನ್ನೇ ಮ್ಯಾನೇಜರ್ ಮಾಡಿದರು; ಅದು ಒಳ್ಳೆಯ ನಿರ್ಧಾರವಾಗಲಿಲ್ಲ. 1982ರಲ್ಲಿ ಸ್ವಿಂಡನ್ ಮೊದಲ ಬಾರಿಗೆ ಫೋರ್ತ್ ಡಿವಿಷನ್ನಿಗೆ ಬಿದ್ದಿತು, 1983ರಲ್ಲಿ ಅವನು ಆ ಹುದ್ದೆ ಬಿಟ್ಟ. ಎಳೆಯರನ್ನು ತಯಾರು ಮಾಡುವುದೇ ಅವನ ಸಹಜವಾದ ಎರಡನೆಯ ಕಸುಬಾಗಿತ್ತು. ಮಗ ಪಾಲ್ ಟ್ರಾಲಪ್ ಮುಂದೆ ವೇಲ್ಸ್ ತಂಡಕ್ಕೆ ಆಡಿದ.

770 ಮುರಿಯಲಾರದ ಅಂಕಿ ಎಂದು ಬಲ್ಲವರು ದಶಕಗಳ ಕಾಲ ಬರೆದರು. ಅವರ ವಾದ ಬಲವಾಗಿಯೇ ಇತ್ತು: ಒಳ್ಳೆಯ ಆಟಗಾರನನ್ನು ಮೇಲಿನವರು ಕೊಂಡೊಯ್ಯುತ್ತಾರೆ, ಸಾಧಾರಣನನ್ನು ಕೆಳಗಿನವರು ಕೈಬಿಡುತ್ತಾರೆ, ಕೊಂಡೊಯ್ಯುವಷ್ಟು ಕಣ್ಣಿಗೆ ಬೀಳದ, ಕೈಬಿಡಲಾಗದಷ್ಟು ಒಳ್ಳೆಯವನಾದ ಒಬ್ಬ ಮಾತ್ರ ಇಪ್ಪತ್ತು ವರ್ಷ ಉಳಿಯಬಲ್ಲ. ಋತುವೊಂದಕ್ಕೆ 46 ಪಂದ್ಯಗಳಿರುವುದು ಕೆಳಗಿನ ಅಂತಸ್ತುಗಳಲ್ಲಿ, ಪ್ರೀಮಿಯರ್ ಲೀಗಿನಲ್ಲಿ 38 ಮಾತ್ರ. ಹೀಗಾಗಿ ಈ ದಾಖಲೆ ಮುರಿಯುವುದಿದ್ದರೆ ಅದು ಕೆಳಗಿನಿಂದಲೇ ಆಗಬೇಕಿತ್ತು. ಹಾಗೆಯೇ ಆಯಿತು. 2023ರ ಡಿಸೆಂಬರ್‌ನಲ್ಲಿ ಅದನ್ನು ಮುರಿದವನೂ ಎಡಬದಿಯವನೇ, ಮೂರನೇ ನಂಬರಿನ ಅಂಗಿಯವನೇ: ಮಿಲ್ಟನ್ ಕೀನ್ಸ್ ಡಾನ್ಸ್‌ನ ಡೀನ್ ಲೂಯಿಂಗ್ಟನ್.

ಇದರಲ್ಲಿ ವಿಧಿಯ ಕೀಟಲೆಯೊಂದಿದೆ. ಮಿಲ್ಟನ್ ಕೀನ್ಸನ್ನು ಹೊಸ ನಗರವೆಂದು ಸರ್ಕಾರ ಗೊತ್ತುಪಡಿಸಿದ್ದೇ 1967ರಲ್ಲಿ, ಟ್ರಾಲಪ್ ಅದಾಗಲೇ ಆರು ವರ್ಷಕ್ಕೂ ಹೆಚ್ಚು ಆಡಿದ್ದಾಗ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಅದರ ಅಭಿಮಾನಿಗಳ ಕಣ್ಣೆದುರೇ ಕಿತ್ತು 2003ರಲ್ಲಿ ಈ ನಗರಕ್ಕೆ ತರಲಾಯಿತು, 2004ರಲ್ಲಿ ಹೆಸರನ್ನೂ ಬದಲಿಸಲಾಯಿತು. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಇಷ್ಟು ಶಾಪ ಹಾಕಿಸಿಕೊಂಡ ಸ್ಥಳಾಂತರ ಬೇರೊಂದಿಲ್ಲ, ಆ ಶಾಪ ಅನ್ಯಾಯದ್ದೂ ಅಲ್ಲ. ವಿಂಬಲ್ಡನ್‌ನ ಹುಡುಗನಾಗಿ 2003ರಲ್ಲಿ ಆಟ ಆರಂಭಿಸಿದ ಲೂಯಿಂಗ್ಟನ್ ತಂಡದ ಸಾಮಾನಿನೊಂದಿಗೆ ಬಂದವನು, ಮತ್ತೆ ಎಲ್ಲಿಗೂ ಹೋಗಲಿಲ್ಲ. ವಿಂಬಲ್ಡನ್ ಅಂಗಿಯಲ್ಲಿ ಆಡಿದ ಪಂದ್ಯಗಳು ದಾಖಲೆಯ ಲೆಕ್ಕಕ್ಕೆ ಸೇರಿಲ್ಲ. ಎಣಿಕೆ ಶುರುವಾಗುವುದು 2004ರಿಂದ. ಬೇರು ಕಿತ್ತು ತಂದ ಕ್ಲಬ್ಬಿನಲ್ಲೇ ಎಲ್ಲರಿಗಿಂತ ಆಳಕ್ಕೆ ಬೇರು ಬಿಟ್ಟ ಆಟಗಾರ ಸಿಕ್ಕಿದ.

2008ರಲ್ಲಿ ಲೀಗ್ ಟೂ ಗೆಲುವು, 2014ರಲ್ಲಿ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡನ್ನು 4–0ಯಿಂದ ಮಣಿಸಿದ ರಾತ್ರಿ, 2015ರಲ್ಲಿ ಎರಡನೆಯ ಅಂತಸ್ತಿಗೆ ಏರಿಕೆ, ಮರುವರ್ಷವೇ ಇಳಿಕೆ, ಹಲವು ಬಾರಿ ಹಂಗಾಮಿ ಮ್ಯಾನೇಜರ್ ಕೆಲಸ: ಲೂಯಿಂಗ್ಟನ್ ಇದೆಲ್ಲದರ ನಡುವೆ ಇದ್ದ. ಅದೇ ತಂಡದಲ್ಲಿ ಬೆಳೆದ ಡೆಲೆ ಆಲಿ 2015ರಲ್ಲಿ ಟಾಟನ್‌ಹ್ಯಾಂಗೆ ಹೋಗಿ ಕೆಲವು ವರ್ಷ ದೇಶವೇ ನೋಡುವಂತೆ ಬೆಳಗಿದ. ವಯಸ್ಸಾದಂತೆ ಲೂಯಿಂಗ್ಟನ್ ಬದಿಗೆರೆ ಬಿಟ್ಟು ಮೂವರು ರಕ್ಷಕರ ಸಾಲಿನ ಎಡಗಡೆಗೆ ಸರಿದು, ಓಟ ಕಡಿಮೆಯಾದದ್ದನ್ನು ಎಡಗಾಲಿನ ನಿಖರ ಪಾಸುಗಳಿಂದ ತುಂಬಿಕೊಂಡ, 2025ರಲ್ಲಿ ನಿವೃತ್ತನಾದ. ದಾಖಲೆ ಕೈಬದಲಾದ ಆ ಋತುವಿನಲ್ಲಿ ಸ್ವಿಂಡನ್ ಟೌನ್ ಕೂಡ ಅದೇ ಲೀಗ್ ಟೂನಲ್ಲಿತ್ತು.

ಇಬ್ಬರಲ್ಲಿ ಯಾರು ಹಿರಿಯ ಎಂದರೆ ಅಂಕಿ ಲೂಯಿಂಗ್ಟನ್‌ನ ಕಡೆಗಿದೆ. ಕೆಸರು, ತೊಗಲಿನ ಚೆಂಡು, ಬದಲಿಯಿಲ್ಲದ ವರ್ಷಗಳು ಮತ್ತು ಆ 368 ಟ್ರಾಲಪ್‌ನ ಕಡೆಗಿವೆ, ತಕ್ಕಡಿ ವಾಲುವುದೂ ಅತ್ತಲೇ. ಇಬ್ಬರೂ ಸೇರಿ ತಮ್ಮ ಕ್ಲಬ್ಬುಗಳಿಗಾಗಿ ಆಡಿದ 1,500ಕ್ಕೂ ಹೆಚ್ಚು ಲೀಗ್ ಪಂದ್ಯಗಳಲ್ಲಿ ಮೇಲಿನ ಅಂತಸ್ತಿನದು ಒಂದೂ ಇಲ್ಲ.