ಅಲಾಸ್ಕಾ ಕ್ರೂಸ್: ಕೊಟ್ಟ ದುಡ್ಡಿಗೆ ಸಿಗುವುದೇನು?

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆ, ತೋರಿಸಬೇಕಾದ ಜಾಗಗಳ ಪಟ್ಟಿಯಲ್ಲಿ ನಯಾಗರ, ನ್ಯೂಯಾರ್ಕ್‌ಗಳ ಜೊತೆ ಈಗ ಅಲಾಸ್ಕಾ ಕ್ರೂಸ್ ಕೂಡ ಸೇರಿಕೊಂಡಿದೆ. ಸಿಯಾಟಲ್‌ನಲ್ಲಿ ಹಡಗು ಹತ್ತಿ, ಏಳು ರಾತ್ರಿ ಕಳೆದು, ಸಿಯಾಟಲ್‌ನಲ್ಲೇ ಇಳಿಯುವ ಪ್ರವಾಸ ಇದು. ಒಮ್ಮೆ ಸಾಮಾನು ಬಿಚ್ಚಿಟ್ಟರೆ ವಾರವಿಡೀ ಮತ್ತೆ ಕಟ್ಟುವ ಗೋಜಿಲ್ಲ. ಊಟಕ್ಕೆ ಅಲೆಯಬೇಕಿಲ್ಲ. ಮಂಡಿನೋವಿನ ಹಿರಿಯರೂ ಕೂತಲ್ಲಿಂದಲೇ ಹಿಮನದಿ ನೋಡಬಹುದು. ಇಷ್ಟೆಲ್ಲ ಇದ್ದೂ ಜಾಹೀರಾತಿನಲ್ಲಿ ಕಾಣುವ ದರ ಒಂದು ಸಾಧಾರಣ ಹೋಟೆಲಿನ ಬಾಡಿಗೆಯಷ್ಟೇ ಅನ್ನಿಸುತ್ತದೆ. ಆ ದರ ಎಷ್ಟು ನಿಜ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಅಲಾಸ್ಕಾ ಕ್ರೂಸ್ ಕೊಟ್ಟ ಹಣಕ್ಕೆ ಮೋಸವಿಲ್ಲದ ಪ್ರವಾಸ. ಆದರೆ ಅದನ್ನು ಮಾರುವ ರೀತಿ ಪ್ರಯಾಣಿಕರಿಗೂ ನ್ಯಾಯವಲ್ಲ, ಹಡಗಿನಲ್ಲಿ ದುಡಿಯುವವರಿಗೂ ನ್ಯಾಯವಲ್ಲ.

ಕ್ರೂಸ್ ಕಂಪನಿಗಳು ಬದುಕುವುದು ಬರೀ ಟಿಕೆಟ್ ಹಣದಿಂದಲ್ಲ. ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆಯಾದ ಕಾರ್ನಿವಲ್ ಕಾರ್ಪೊರೇಷನ್ 2024ರಲ್ಲಿ ಸುಮಾರು 2,500 ಕೋಟಿ ಡಾಲರ್ ಆದಾಯ ಗಳಿಸಿತು. ಅದರಲ್ಲಿ ಮೂರನೇ ಒಂದು ಭಾಗ ಬಂದದ್ದು ಟಿಕೆಟ್ಟಿನ ಹೊರಗೆ, ಅಂದರೆ ಮದ್ಯ, ಕ್ಯಾಸಿನೊ, ದಡದ ಪ್ರವಾಸ, ಇಂಟರ್‌ನೆಟ್, ಸ್ಪಾ, ಅಂಗಡಿಗಳಿಂದ. ಹಡಗು ತುಂಬಿ ಹೊರಟರಷ್ಟೇ ಈ ವ್ಯಾಪಾರ ನಡೆಯುವುದು. ಹಾಗಾಗಿ ಟಿಕೆಟ್ ದರವನ್ನು ಎಷ್ಟು ಸಾಧ್ಯವೋ ಅಷ್ಟು ತಗ್ಗಿಸಿ ಜನರನ್ನು ಹತ್ತಿಸಿಕೊಳ್ಳುತ್ತಾರೆ. ಹತ್ತಿದ ಮೇಲೆ ಪ್ರತಿಯೊಂದಕ್ಕೂ ಕ್ಯಾಬಿನ್ನಿನ ಕಾರ್ಡ್ ಉಜ್ಜಿದರಾಯಿತು. ಕೈಯಿಂದ ನೋಟು ಹೋಗುವುದು ಕಾಣುವುದೇ ಇಲ್ಲ. ಕೊನೆಯ ದಿನದ ಬಿಲ್ ನೋಡಿ ಬೆಚ್ಚುವವರು ಬಹಳ ಮಂದಿ.

ಒಂದು ಲೆಕ್ಕ ಹಾಕಿ ನೋಡೋಣ. ಗಂಡ ಹೆಂಡತಿ, ಊರಿನಿಂದ ಬಂದ ಅಪ್ಪ ಅಮ್ಮ, ಒಟ್ಟು ನಾಲ್ವರು, ಎರಡು ಕ್ಯಾಬಿನ್. ತಲೆಗೆ 800 ಡಾಲರ್ ಎಂದು ಇಟ್ಟುಕೊಂಡರೆ ಟಿಕೆಟ್ಟಿಗೆ 3,200. ಇದರ ಮೇಲೆ ದಿನದ ಟಿಪ್ಸ್. ದೊಡ್ಡ ಅಮೆರಿಕನ್ ಕಂಪನಿಗಳು ಈಚಿನ ವರ್ಷಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಟಿಪ್ಸನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. 17ರಂತೆ ಹಿಡಿದರೂ ವಾರಕ್ಕೆ 476. ದಾರಿಯ ಬಂದರುಗಳಲ್ಲಿ ಒಂದಾದ ಜೂನೊದಲ್ಲಿ ತಿಮಿಂಗಿಲ ನೋಡುವ ದೋಣಿಗೆ ತಲೆಗೆ 170, ಇನ್ನೊಂದಾದ ಸ್ಕ್ಯಾಗ್ವೆಯಲ್ಲಿ ಬೆಟ್ಟದ ರೈಲಿಗೆ 150 ಎಂದರೆ ನಾಲ್ವರಿಗೆ 1,280. ಒಂದೇ ಫೋನಿಗೆ ಇಂಟರ್‌ನೆಟ್ ಹಾಕಿಸಿದರೂ ದಿನಕ್ಕೆ 20ರಂತೆ 140. ಒಟ್ಟು 5,096 ಡಾಲರ್. ಯಾರೂ ಒಂದು ಗ್ಲಾಸ್ ವೈನ್ ಕುಡಿಯದೆ, ಒಂದು ಸ್ವೆಟರ್ ಕೊಳ್ಳದೆ, ಖರ್ಚು ಶೇಕಡಾ 60ರಷ್ಟು ಏರಿತು. ಸಿಯಾಟಲ್‌ಗೆ ವಿಮಾನ, ಹಿಂದಿನ ರಾತ್ರಿಯ ಹೋಟೆಲ್ ಇದರಲ್ಲಿ ಸೇರಿಲ್ಲ. ಕ್ರೂಸ್ ಬಜೆಟ್ ಮಾಡುವವರು ಟಿಕೆಟ್ ದರಕ್ಕೆ ಇನ್ನೊಂದು ಮುಕ್ಕಾಲು ಪಾಲು ಸೇರಿಸಿಕೊಂಡೇ ನಿರ್ಧಾರಕ್ಕೆ ಬರಬೇಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಖರ್ಚಿದೆ. ಇದು ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ. ಅಮೆರಿಕದಲ್ಲಿ 1886ರ ಒಂದು ಕಾಯ್ದೆಯ ಪ್ರಕಾರ, ವಿದೇಶದಲ್ಲಿ ನೋಂದಣಿಯಾದ ಹಡಗು ನಡುವೆ ಪರದೇಶದ ಬಂದರನ್ನು ಮುಟ್ಟದೆ ಅಮೆರಿಕದ ಬಂದರಿನಲ್ಲೇ ಹತ್ತಿಸಿ ಅಮೆರಿಕದ ಬಂದರಿನಲ್ಲೇ ಇಳಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದ ಸಿಯಾಟಲ್‌ನಿಂದ ಹೊರಡುವ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ, ಸಾಮಾನ್ಯವಾಗಿ ಒಂದು ಸಂಜೆ ಮಾತ್ರ, ನಿಂತು ಬರುತ್ತದೆ. ಆ ಕೆಲವು ಗಂಟೆಗಳಿಗಾಗಿ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇಲ್ಲದಿದ್ದರೆ ಮಗ ಸೊಸೆಗೂ ಬೇಕು. ಒಬ್ಬರ ವೀಸಾಕ್ಕೆ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೊಗೆ 85. ಟಿಕೆಟ್ ಕಾಯ್ದಿರಿಸಿದ ಮೇಲೆ ಈ ವಿಷಯ ಗೊತ್ತಾದರೆ ದುಡ್ಡಿನ ಜೊತೆಗೆ ಪ್ರವಾಸವನ್ನೇ ಕಳೆದುಕೊಳ್ಳುವ ಅಪಾಯವಿದೆ. ಊರಿನಲ್ಲಿರುವಾಗಲೇ ಅಮೆರಿಕದ ವೀಸಾ ಕೈಸೇರಿದ ಕೂಡಲೇ ಕೆನಡಾ ವೀಸಾಕ್ಕೂ ಅರ್ಜಿ ಹಾಕಿಸುವುದು ಜಾಣತನ.

ಬೆಲೆಯಷ್ಟೇ ಮುಖ್ಯವಾದದ್ದು ದಡದ ಮೇಲೆ ಸಿಗುವ ಸಮಯ. ನಾಲ್ಕು ಬಂದರು ಎಂದು ಬರೆದಿದ್ದರೆ ನಾಲ್ಕು ಊರು ನೋಡಿದಂತಲ್ಲ. ಹಡಗು ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದನ್ನು ಕೂಡಿಸಿ ನೋಡಬೇಕು. ಹಾಗೆ ನೋಡಿದಾಗ ಸಮಾನ ದರದ ಎರಡು ಹಡಗುಗಳಲ್ಲಿ ಒಂದು ಎಷ್ಟೋ ಮೇಲು ಎಂದು ತಿಳಿಯುತ್ತದೆ. ದಾರಿಯೂ ಮುಖ್ಯ. ಸಿಯಾಟಲ್‌ನಿಂದ ಹೊರಟ ಹಡಗುಗಳು ಬಹುಮಟ್ಟಿಗೆ ವ್ಯಾಂಕೂವರ್ ದ್ವೀಪದ ಆಚೆ ತೆರೆದ ಸಾಗರದಲ್ಲಿ ಸಾಗುತ್ತವೆ. ವ್ಯಾಂಕೂವರ್‌ನಿಂದ ಹೊರಡುವವು ದ್ವೀಪಗಳ ನಡುವಿನ ಶಾಂತ ಜಲಮಾರ್ಗ ಹಿಡಿಯುತ್ತವೆ. ಸಮುದ್ರದ ಹೊಯ್ದಾಟ ಆಗದ ಹಿರಿಯರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇನ್ನು ಗ್ಲೇಸಿಯರ್ ಬೇ. ಈ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ ವಿವರಿಸುತ್ತಾರೆ, ಅದಕ್ಕೆ ಬೇರೆ ಶುಲ್ಕವಿಲ್ಲ. ಸ್ವಲ್ಪ ಹೆಚ್ಚು ಕೊಟ್ಟಾದರೂ ಗ್ಲೇಸಿಯರ್ ಬೇ ಇರುವ ಹಡಗನ್ನೇ ಆರಿಸುವುದು ಒಳ್ಳೆಯದು. ಹಡಗಿನ ಮೇಲಿನ ಜಾರುಬಂಡಿ, ಗೋ-ಕಾರ್ಟ್‌ಗಳಿಗೆ ಕೊಡುವ ಹೆಚ್ಚಿನ ದರ ಅಲಾಸ್ಕಾದಲ್ಲಿ ವ್ಯರ್ಥ.

ಹಾಗಾದರೆ ಹಡಗೇ ಏಕೆ? ಮೆಡಿಟರೇನಿಯನ್ ಕ್ರೂಸ್ ಬಗ್ಗೆ ಯಾರಾದರೂ ಕೇಳಿದರೆ ನಾನು ಎರಡು ಸಲ ಯೋಚಿಸಿ ಎನ್ನುತ್ತೇನೆ. ಅಲ್ಲಿ ರೋಮ್ ಎಂದು ಬರೆದಿದ್ದರೆ ಹಡಗು ನಿಲ್ಲುವುದು 70 ಕಿಲೋಮೀಟರ್ ದೂರದ ಚಿವಿತಾವೆಕ್ಯಾದಲ್ಲಿ. ವೆನಿಸ್ ಎಂದಿದ್ದರೆ ಹಲವು ಹಡಗುಗಳು ನಿಲ್ಲುವುದು ರವೆನ್ನಾದಲ್ಲಿ, ಏಕೆಂದರೆ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳಿಗೆ ವೆನಿಸ್ ನಗರದ ಮುಂದಿನ ಕಾಲುವೆ ನಿಷಿದ್ಧ. ಆ ಊರುಗಳನ್ನೆಲ್ಲ ರೈಲು ಜೋಡಿಸಿದೆ. ಹಡಗಿಲ್ಲದೆಯೂ ಚೆನ್ನಾಗಿ ನೋಡಬಹುದು. ಅಲಾಸ್ಕಾದ ಕಥೆ ಬೇರೆ. ರಾಜಧಾನಿ ಜೂನೊಗೆ ಹೊರಗಿನಿಂದ ರಸ್ತೆಯೇ ಇಲ್ಲ. ಸಮುದ್ರ ಅಥವಾ ವಿಮಾನ, ಎರಡೇ ದಾರಿ. 1963ರಿಂದ ನಡೆಯುತ್ತಿರುವ ರಾಜ್ಯ ಸರ್ಕಾರದ ಫೆರಿಗಳಿವೆ. ಮೈಯಲ್ಲಿ ಕಸುವಿರುವ ಯುವಕರಿಗೆ ಅವು ಅಗ್ಗದ, ಸೊಗಸಾದ ದಾರಿ; ಡೆಕ್ ಮೇಲೆ ಟೆಂಟ್ ಹಾಕಿ ಮಲಗುವವರೂ ಇದ್ದಾರೆ. ಆದರೆ ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಕ್ರೂಸ್ ಹಡಗೇ ಸರಿ. ತಿರುಗುವುದು, ತಂಗುವುದು, ಉಣ್ಣುವುದು ಮೂರೂ ಒಂದೇ ದರದಲ್ಲಿ ಆಗುವ ಇನ್ನೊಂದು ದಾರಿ ಆ ಕರಾವಳಿಯಲ್ಲಿಲ್ಲ.

ಉಳಿತಾಯಕ್ಕೆ ನಿಜವಾದ ಜಾಗಗಳಿವೆ. ಮೊದಲನೆಯದು ತಿಂಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲಾ ರಜೆ, ದರ ಏರಿರುತ್ತದೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಇಳಿಯುತ್ತದೆ, ಅದರಲ್ಲೂ ಮೇ ತಿಂಗಳಲ್ಲಿ ಮಳೆ ಕಡಿಮೆ. ನಮ್ಮ ಬಿಸಿಲು ತಪ್ಪಿಸಿಕೊಂಡು ಏಪ್ರಿಲ್ ಮೇನಲ್ಲಿ ಬರುವ ತಂದೆ ತಾಯಿಗಂತೂ ಹೇಳಿ ಮಾಡಿಸಿದ ಸಮಯ. ಎರಡನೆಯದು ಕ್ಯಾಬಿನ್. ಹಿಮನದಿಯ ಮುಂದೆ ಹಡಗು ನಿಧಾನವಾಗಿ ತಿರುಗುತ್ತದೆ, ಮೇಲಿನ ಡೆಕ್ಕಿನಿಂದ ಎಲ್ಲವೂ ಕಾಣುತ್ತದೆ. ಕಿರಿಯರಿಗೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಸಾಕು. ಚಳಿಗಾಳಿಯಲ್ಲಿ ನಿಲ್ಲಲಾಗದ ಹಿರಿಯರಿಗೆ ಮಾತ್ರ ಬಾಲ್ಕನಿ ಕೊಡಿಸಿ. ನಾಲ್ವರೂ ಅಲ್ಲೇ ಕೂತು ನೋಡಬಹುದು. ಮೂರನೆಯದು ಪಾನೀಯದ ಪ್ಯಾಕೇಜ್. ಒಬ್ಬರು ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದೆ. ಕುಡಿಯದವರಿರುವ ಮನೆಗಳಿಗೆ ಅದು ಶುದ್ಧ ನಷ್ಟ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡರೆ ಬರುವ ರೋಮಿಂಗ್ ಬಿಲ್ ದೊಡ್ಡದು. ಸಸ್ಯಾಹಾರದ ಬೇಡಿಕೆಯನ್ನು ಮೊದಲೇ ತಿಳಿಸಿ, ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಮಾತಾಡಿದರೆ ಅನ್ನ, ಬೇಳೆ, ಪಲ್ಯ ಸಿಗುವುದು ಕಷ್ಟವಲ್ಲ. ಹಣ ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟುಗಳು ಬೇಕಾಗುವುದಿಲ್ಲ.

ದಡದ ಪ್ರವಾಸಗಳಲ್ಲಿ ಆರಿಸಿ ಖರ್ಚು ಮಾಡಬೇಕು. ಕೆಚಿಕ್ಯಾನ್ ಮತ್ತು ಸ್ಕ್ಯಾಗ್ವೆ ನಡೆದು ನೋಡುವ ಊರುಗಳು. ಸ್ಕ್ಯಾಗ್ವೆಯ ಚಿನ್ನದ ಬೇಟೆಯ ಕಾಲದ ಬೀದಿಗಳು ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ, ನೋಡಲು ದುಡ್ಡು ಬೇಡ. 1898ರಲ್ಲಿ ಕಟ್ಟಲು ತೊಡಗಿ 1900ರಲ್ಲಿ ಮುಗಿಸಿದ ವೈಟ್ ಪಾಸ್ ರೈಲು ಸಮುದ್ರ ಮಟ್ಟದಿಂದ 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಅದಕ್ಕೆ ಕೊಡುವ ದುಡ್ಡು ಸಾರ್ಥಕ. ಜೂನೊದಲ್ಲಿ ತಿಮಿಂಗಿಲದ ದೋಣಿಗಳನ್ನು ಸ್ಥಳೀಯರಿಂದಲೇ ಕಾಯ್ದಿರಿಸಿದರೆ ಅಗ್ಗ. ಆದರೆ ಒಂದು ಎಚ್ಚರ: ಹಡಗಿನವರ ಮೂಲಕ ಹೋದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನೀವೇ ಮಾಡಿಕೊಂಡದ್ದಾದರೆ ಕಾಯುವುದಿಲ್ಲ.

ಉಳಿತಾಯ ಮಾಡಲೇಬಾರದ ಜಾಗ ಒಂದಿದೆ, ಟಿಪ್ಸ್. ಕೌಂಟರಿಗೆ ಹೋಗಿ ಕೇಳಿದರೆ ಹಲವು ಹಡಗುಗಳಲ್ಲಿ ಅದನ್ನು ಬಿಲ್ಲಿನಿಂದ ತೆಗೆಸಬಹುದು. ಇದನ್ನು ಜಾಣ ಉಪಾಯವೆಂದು ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಕೇಳಿ ನನಗೆ ನೋವಾಗಿದೆ. ಕ್ಯಾಬಿನ್ ಗುಡಿಸುವವರ, ಊಟ ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಅದೇ. ನಮ್ಮ ಮಂಗಳೂರು, ಉಡುಪಿಯ ಹಾಗೂ ಪಕ್ಕದ ಗೋವೆಯ ಹುಡುಗರು ಎಷ್ಟೋ ಮಂದಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈ ಹಡಗುಗಳಿಗೆ ಸೇರುತ್ತಾರೆ. ತಿಂಗಳುಗಟ್ಟಲೆಯ ಕಾಂಟ್ರಾಕ್ಟ್‌ನಲ್ಲಿ ವಾರದ ರಜೆಯಿಲ್ಲದೆ ದುಡಿದು ಮನೆಗೆ ಹಣ ಕಳಿಸುತ್ತಾರೆ. ಅವರ ಅನ್ನದಿಂದ ಕಿತ್ತುಕೊಂಡ 476 ಡಾಲರ್ ಯಾವ ಪ್ರವಾಸಕ್ಕೂ ಲಾಭವಲ್ಲ. ತಪ್ಪು ಮೂಲದಲ್ಲಿ ಕಂಪನಿಯದು: ಕೂಲಿಯನ್ನು ದರದೊಳಗೆ ಸೇರಿಸದೆ, ಪ್ರಯಾಣಿಕರ ಮರ್ಜಿಗೆ ಬಿಟ್ಟಿರುವುದು.

ಬದಲಾವಣೆ ಅಸಾಧ್ಯವೇನಲ್ಲ. 2024ರ ಜುಲೈ 1ರಂದು ಕ್ಯಾಲಿಫೋರ್ನಿಯಾದಲ್ಲಿ ಮುಚ್ಚುಮರೆಯ ಶುಲ್ಕಗಳ ವಿರುದ್ಧ ಕಾನೂನು ಜಾರಿಯಾದಾಗ, ದೊಡ್ಡ ಕ್ರೂಸ್ ಕಂಪನಿಗಳು ಬಂದರು ಶುಲ್ಕ ಮತ್ತು ತೆರಿಗೆ ಸೇರಿದ ದರವನ್ನು ಅಮೆರಿಕದಾದ್ಯಂತ ತೋರಿಸತೊಡಗಿದವು. ಟಿಪ್ಸ್ ಮಾತ್ರ ಹೊರಗೇ ಉಳಿಯಿತು. ಬ್ರಿಟನ್ನಿನ ಪಿ ಆ್ಯಂಡ್ ಒ ಕ್ರೂಸಸ್ 2019ರಲ್ಲೇ ದಿನದ ಟಿಪ್ಸನ್ನು ಪೂರ್ತಿ ತೆಗೆದುಹಾಕಿತು. ಹಡಗುಗಳು ಓಡುತ್ತಲೇ ಇವೆ. 2021ರಿಂದ ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಕ್ರೂಸ್ ಹಡಗಾಗಲಿ, ಮುಂದೆ ನಮ್ಮ ಕರಾವಳಿಗೆ ಬರುವ ಇನ್ನಾವುದಾಗಲಿ, ಜಾಹೀರಾತಿನ ಮೊದಲ ಸಾಲಿನಲ್ಲೇ ಜಿಎಸ್‌ಟಿ, ಬಂದರು ಶುಲ್ಕ, ಸೇವಾ ಶುಲ್ಕ ಎಲ್ಲ ಸೇರಿದ ಒಂದೇ ದರ ಹಾಕಬೇಕೆಂದು ನಮ್ಮ ಸರ್ಕಾರವೂ ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ಆ ಲೆಕ್ಕ ನಾವೇ ಹಾಕಬೇಕು. ಅಲಾಸ್ಕಾಕ್ಕೆ ಹೊರಡುವವರಿಗೆ ನನ್ನ ಮಾತು ಇಷ್ಟು: ಮೇ ತಿಂಗಳು ಆರಿಸಿ, ಗ್ಲೇಸಿಯರ್ ಬೇ ಇರುವ ಹಡಗು ಹಿಡಿಯಿರಿ, ಕೆನಡಾ ವೀಸಾ ಮೊದಲು ಮಾಡಿಸಿ, ಟಿಪ್ಸ್ ಪೂರ್ತಿ ಕೊಡಿ. ಹೀಗೆ ಮಾಡಿದರೆ ಅಪ್ಪ ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ಇದೇ ದುಡ್ಡಿನಲ್ಲಿ ಮಾಡಿಸುವುದು ಕಷ್ಟ.