ಸೋಲಿಗರ ಬೆಂಕಿ, ಸರ್ಕಾರದ ಕಾನೂನು

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ಒಂದು ಕಾಲಕ್ಕೆ ಬೇಸಗೆ ಬಲಿಯುವ ಮುನ್ನವೇ ಕಾಡಿನ ತರಗಿಗೆ ಬೆಂಕಿ ಹಾಕುತ್ತಿದ್ದರು. ಆಗಿನ್ನೂ ಉದುರಿದ ಎಲೆ ಪೂರ್ತಿ ಒಣಗಿರುವುದಿಲ್ಲ, ನೆಲದಲ್ಲಿ ತೇವ ಉಳಿದಿರುತ್ತದೆ. ಉರಿ ಮೇಲೇಳದೆ ತರಗನ್ನಷ್ಟೇ ತಿಂದು ಮುಂದೆ ಹೋಗುತ್ತದೆ. ದೊಡ್ಡ ಮರಗಳ ತೊಗಟೆಗೆ ಅದು ಲೆಕ್ಕವೇ ಅಲ್ಲ. ಹಿಂದೆಯೇ ಹುಲ್ಲು ಚಿಗುರುತ್ತದೆ, ಕಡವೆ, ಕಾಟಿಗಳಿಗೆ ಮೇವಾಗುತ್ತದೆ. ಇದೇ ತರಗು ಬೆಂಕಿ. ಏಪ್ರಿಲ್‌ನಲ್ಲಿ ಮರದ ತುದಿಗೇರುವ ಕಾಡ್ಗಿಚ್ಚೇ ಬೇರೆ.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಒಳಗಿದ್ದ ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಅಂಚಿಗೆ ಬಂದವು. 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಇಡುವುದು ಅಪರಾಧ. ಅಲ್ಲಿಗೆ ತರಗು ಬೆಂಕಿಗೂ ಕಾಡ್ಗಿಚ್ಚಿಗೂ ಇದ್ದ ವ್ಯತ್ಯಾಸ ಕಡತದಲ್ಲಿ ಅಳಿಸಿಹೋಯಿತು. ಲಂಟಾನ ಪೊದೆ ಕಾಡನ್ನು ತುಂಬತೊಡಗಿದ್ದು ಬೆಂಕಿ ನಿಂತ ಮೇಲೆಯೇ ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ನೆಲ್ಲಿ ಮರಗಳನ್ನು ಹೀರಿ ಒಣಗಿಸುವ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿದ್ದಕ್ಕೂ ಅವರು ಕೊಡುವ ಕಾರಣ ಅದೇ. ಸಂಶೋಧಕರಾದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಇದೇ ಕಾಡಿನಲ್ಲಿ 1997 ಮತ್ತು 2008ರ ಅಳತೆಗಳನ್ನು ಹೋಲಿಸಿದಾಗ, ಲಂಟಾನ ಇರುವ ಜಾಗಗಳು ಸುಮಾರು ದುಪ್ಪಟ್ಟಾಗಿದ್ದವು.

ಲಂಟಾನ ನಮ್ಮ ಗಿಡವಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕಾಗಿ ತಂದದ್ದು. ಬೆಂಕಿಯನ್ನು ಕಾಡಿನ ಶತ್ರುವೆಂದು ಕಂಡ ಅರಣ್ಯ ಆಡಳಿತ ಬೇರೂರಿದ್ದೂ ಬ್ರಿಟಿಷರ ಕಾಲದಲ್ಲೇ, 1878ರ ಅರಣ್ಯ ಕಾಯ್ದೆಯ ಸುತ್ತಮುತ್ತ. ಗಿಡ, ಕಾನೂನು ಎರಡೂ ಒಂದೇ ಆಳ್ವಿಕೆಯ ಬಳುವಳಿ.

ಪರಿಸರ ಚಿಂತನೆಯನ್ನು ವಸಾಹತುಶಾಹಿಯ ಹಿಡಿತದಿಂದ ಬಿಡಿಸಬೇಕು ಎನ್ನುವ ಪಂಥ ಬಲವಾಗಿ ನಿಲ್ಲುವುದು ಇಂಥ ಕಡೆ. ಮನುಷ್ಯರನ್ನು ಹೊರಗಟ್ಟಿ ಕಾಡು ಉಳಿಸುವ ಅಮೆರಿಕನ್ ಮಾದರಿಯನ್ನು ಇತಿಹಾಸಕಾರ ರಾಮಚಂದ್ರ ಗುಹಾ 1989ರಲ್ಲೇ ಪ್ರಶ್ನಿಸಿದ್ದರು. ಸ್ಥಳೀಯರ ಅರಿವನ್ನು ಕಡೆಗಣಿಸಬಾರದೆಂಬ ಪಾಠ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಉತ್ತರ ಕನ್ನಡದ ಬಿದಿರು ಮೆಳೆಗಳಲ್ಲಿ ಸಿಕ್ಕಿತು. ಕಾಗದ ಕಾರ್ಖಾನೆಗೆ ಬಿದಿರು ಕಡಿಯುವವರು ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಮುಳ್ಳು ಹೋದರೆ ಕಳಲೆ ದನದ ಬಾಯಿಗೆ ಬೀಳುತ್ತದೆ ಎಂಬುದು ಹಳ್ಳಿಯವರಿಗೆ ಗೊತ್ತಿತ್ತು. ಗಾಡ್ಗೀಳರ ಅಧ್ಯಯನ ಹಳ್ಳಿಯವರ ಮಾತನ್ನೇ ಸಮರ್ಥಿಸಿತು.

ಆದರೆ ಈ ಪಂಥದ ಬರಹಗಳಲ್ಲಿ ಬರುಬರುತ್ತ ಒಂದು ಸಡಿಲತನ ಸೇರಿಕೊಂಡಿದೆ. ಆದಿವಾಸಿ ಎಂದರೆ ಪ್ರಕೃತಿಯ ಮಗು, ಅವನ ಅರಿವು ಅನಾದಿ, ಅದಕ್ಕೆ ತಪ್ಪೆಂಬುದಿಲ್ಲ ಎಂಬ ಧಾಟಿ. ಇದು ಗೌರವದಂತೆ ಕಂಡರೂ ಗೌರವವಲ್ಲ. ತರಗು ಬೆಂಕಿಯ ಅರಿವು ಇಂಥ ತಿಂಗಳು, ಇಷ್ಟು ತೇವ, ಇಂಥ ಇಳಿಜಾರು ಎಂಬ ಎಚ್ಚರದಿಂದ ಕಟ್ಟಿಕೊಂಡದ್ದು. ಆ ಎಚ್ಚರವೇ ಇಂದು ಬೇರೊಂದು ಮಾತು ಹೇಳಬಹುದು. ಆಳೆತ್ತರ ಲಂಟಾನ ಹೆಣೆದುಕೊಂಡ ಕಡೆ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ. ಒಣಗಿದ ಪೊದೆಯನ್ನು ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ. ಅರ್ಧ ಶತಮಾನದ ನಿಷೇಧ ಕಾಡನ್ನೇ ಬದಲಿಸಿರುವಾಗ, ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿಸಿ ಎನ್ನುವುದು ಸೋಲಿಗರ ತಿಳಿವಳಿಕೆಗೇ ಮಾಡುವ ಅನ್ಯಾಯ. ಮೊದಲು ಲಂಟಾನ ಕಿತ್ತು, ಸಣ್ಣ ತಾಕುಗಳಲ್ಲಿ ಸೋಲಿಗರೇ ಮುಂದೆ ನಿಂತು ಬೆಂಕಿ ಹಾಕಿ ನೋಡಬೇಕು, ಸುಡದ ತಾಕಿನ ಜೊತೆ ಹೋಲಿಸಬೇಕು.

ಹಾಗೆ ಮಾಡಲು ಅಧಿಕಾರ ಬೇಕು. ಹಕ್ಕಿನ ಮಾತು ಬಿಟ್ಟು ಅರಿವನ್ನಷ್ಟೇ ಕೊಂಡಾಡುವ ಬರಹಗಳು ಪೊಳ್ಳಾಗುವುದು ಇಲ್ಲೇ. ಸೋಲಿಗರ ಸಸ್ಯಜ್ಞಾನ, ಜೇನಿನ ಜ್ಞಾನ ಪುಸ್ತಕಗಳಲ್ಲಿ ದಾಖಲಾಗುತ್ತಿದ್ದ ಕಾಲದಲ್ಲೇ, 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ಬಳಿಕ ಅವರು ಜೇನು, ನೆಲ್ಲಿ ಆಯ್ದು ಮಾರುವುದಕ್ಕೆ ತಡೆ ಬಿದ್ದಿತ್ತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಮು ಕಾಡನ್ನೂ ವನ್ಯಜೀವಿಯನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ವನ್ಯಜೀವಿ ಕಾಯ್ದೆಯ 30ನೇ ಕಲಮು ಪಕ್ಕದಲ್ಲೇ ಇದೆ. ಒಂದು ತಾಕಿಗೆ ತರಗು ಬೆಂಕಿ ಹಾಕಬೇಕೆಂದು ಗ್ರಾಮಸಭೆ ನಿರ್ಣಯ ಮಾಡಿದರೆ ಯಾವ ಕಲಮಿನ ಮಾತು ನಡೆಯಬೇಕು? ನಿರ್ವಸಾಹತೀಕರಣದ ಬಗ್ಗೆ ಬರೆಯುವವರು ಹಿಡಿದು ಕೂರಬೇಕಾದ ಪ್ರಶ್ನೆ ಇದು.