ಹಳೆಯ ಪೆನ್ನಿಗೆ ಹೊಸ ಹೊಳಪೇಕೆ?

ನೂರು ವರ್ಷದ ವಾಟರ್‌ಮನ್ ಪೆನ್ನೊಂದು ನಿನ್ನೆ ತಾನೇ ಕಾರ್ಖಾನೆಯಿಂದ ಬಂದಂತೆ ಕಪ್ಪಗೆ ಫಳಫಳಿಸುತ್ತಿದ್ದರೆ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಹುಟ್ಟುತ್ತದೆ. ಅದರ ಮೈಮೇಲಿದ್ದ ಸಣ್ಣ ಗೀರುಗಳ ಚಿತ್ತಾರ ಎಲ್ಲಿ ಹೋಯಿತು? ಕಂಪನಿಯ ಹೆಸರನ್ನೂ ಪೇಟೆಂಟಿನ ತಾರೀಖನ್ನೂ ಒತ್ತಿದ್ದ ಜಾಗ ಯಾಕಿಷ್ಟು ನುಣುಪಾಗಿದೆ? ಹಳೆಯ ಇಂಕ್ ಪೆನ್ನುಗಳ ರಿಪೇರಿಯಲ್ಲಿ ನಾನು ಮೆಚ್ಚುವ ಕೈಚಳಕ ಬಹಳ ಇದೆ. ಅದೇ ಹೆಸರಿನಲ್ಲಿ ಪೆನ್ನುಗಳನ್ನು ಹಾಳುಮಾಡುವ ಕೆಲಸವೂ ನಡೆಯುತ್ತಿದೆ, ಅದಕ್ಕೆ ಹೆಚ್ಚು ಬೆಲೆಯೂ ಸಿಗುತ್ತಿದೆ.

ವಾಟರ್‌ಮನ್ 52 ಎಂಬ ಮಾದರಿಯನ್ನೇ ತೆಗೆದುಕೊಳ್ಳೋಣ. 1920ರ ದಶಕದಲ್ಲಿ ಅಮೆರಿಕದಲ್ಲಿ ಚೆನ್ನಾಗಿ ಓಡಿದ ಪೆನ್ನಿದು. ಹೆಸರಿನ 5 ಎಂದರೆ ಲಿವರ್ ಎತ್ತಿ ಇಂಕು ತುಂಬುವ ಬಗೆ, 2 ಎಂದರೆ ನಿಬ್ಬಿನ ಅಳತೆ. ಇದರ ಮೈ ಎಬೊನೈಟಿನದು, ಎಂದರೆ ರಬ್ಬರಿಗೆ ಬಹಳಷ್ಟು ಗಂಧಕ ಬೆರೆಸಿ, ಕಾಯಿಸಿ ಗಟ್ಟಿ ಮಾಡಿದ್ದು. ಬೆಳಕು, ತೇವ ತಗಲುತ್ತ ಹೋದ ಹಾಗೆ ಮೇಲ್ಮೈಯ ಗಂಧಕ ಆಮ್ಲಜನಕದೊಡನೆ ಸೇರಿ ಕಪ್ಪು ಬಣ್ಣ ಮಾಸುತ್ತದೆ, ಪೆನ್ನು ಕಂದು ಹಸಿರಿಗೆ ತಿರುಗುತ್ತದೆ. ಬಿಸಿನೀರಿನಲ್ಲಿ ನೆನೆಹಾಕಿದರಂತೂ ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ. ಹೀಗೆ ಹೋದ ಬಣ್ಣ ಮತ್ತೆ ಬರುವುದಿಲ್ಲ. ಕಪ್ಪಾಗಿಸಬೇಕೆಂದರೆ ಒಂದೋ ಮೇಲ್ಪದರವನ್ನು ಉಜ್ಜಿ ತೆಗೆಯಬೇಕು, ಇಲ್ಲವೇ ಬಣ್ಣ ಬಳಿಯಬೇಕು. ಉಜ್ಜಿದರೆ ಬಣ್ಣದ ಜೊತೆ ಚಿತ್ತಾರವೂ ಅಕ್ಷರವೂ ಹೋಗುತ್ತವೆ. ಬಳಿದರೆ ಕೊಳ್ಳುವವರ ಕಣ್ಣಿಗೆ ಮಣ್ಣೆರಚಿದ ಹಾಗೆ. ಕಂದಾದ ಪೆನ್ನನ್ನು ಕಂದಾಗಿಯೇ ಬಿಡುವವನು ನನ್ನ ದೃಷ್ಟಿಯಲ್ಲಿ ಒಳ್ಳೆಯ ರಿಪೇರಿಗಾರ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ನಿಜವಾದ ಕೆಲಸವಿರುವುದು ಒಳಗೆ. ಇಂಕು ಹಿಡಿದಿಡುವ ರಬ್ಬರ್ ಚೀಲ ದಶಕಗಳಲ್ಲಿ ಗಟ್ಟಿಯಾಗಿ, ಗಾಜಿನಂತೆ ಒಡೆದು, ಚೂರುಗಳು ಪೆನ್ನಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಅವನ್ನು ಕೆರೆದು ತೆಗೆಯಬೇಕು. ಚೀಲವನ್ನು ಒತ್ತುವ ಲೋಹದ ಪಟ್ಟಿಗೆ ತುಕ್ಕು ಹಿಡಿದಿದೆಯೇ ನೋಡಬೇಕು. ಹೊಸ ಚೀಲವನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ನಿಬ್ಬು ಕೂರುವ ಭಾಗದ ಹಿಂದಿನ ಮೂತಿಗೆ ಶೆಲ್ಲಾಕ್ ಹಚ್ಚಿ ಅಂಟಿಸಿ, ಒಳಗೆ ಸಲೀಸಾಗಿ ಜಾರಲೆಂದು ಮೇಲೆ ಟಾಲ್ಕ್ ಪುಡಿ ಸವರಬೇಕು. ಈ ಶೆಲ್ಲಾಕ್ ಅರಗಿನಿಂದಲೇ ತಯಾರಾಗುವಂಥದ್ದು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವುದೂ ಅರಗೇ. ಆ ಕಾಲದಲ್ಲಿ ಜಗತ್ತಿಗೆಲ್ಲ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದ. ನ್ಯೂಯಾರ್ಕಿನ ಪೆನ್ನಿನ ಕೀಲುಗಳನ್ನು ಹಿಡಿದಿಟ್ಟದ್ದು ನಮ್ಮ ಕಾಡಿನ ಹುಳುಗಳು ಕೊಟ್ಟ ಅಂಟು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಅರಗನ್ನು ಹೊಗಳಲು ಬೇರೆ ಕಾರಣವೂ ಇದೆ. ಮೆಲ್ಲನೆ ಕಾಯಿಸಿದರೆ ಅದು ಸಡಿಲವಾಗುತ್ತದೆ. ಇವತ್ತು ಹಾಕಿದ ಚೀಲ ಇಪ್ಪತ್ತೋ ಮೂವತ್ತೋ ವರ್ಷಕ್ಕೆ ಕೆಟ್ಟಾಗ ಮುಂದಿನವರು ಪೆನ್ನನ್ನು ಬಿಚ್ಚಬಹುದು. ಸೂಪರ್‌ಗ್ಲೂ ಹಾಗಲ್ಲ. ಪರಿಚಯದ ಹಿರಿಯರೊಬ್ಬರು ತಮ್ಮ ತಂದೆಯ ಲಿವರ್ ಪೆನ್ನನ್ನು ಒಂದು ಅಂಗಡಿಯಲ್ಲಿ ರಿಪೇರಿ ಮಾಡಿಸಿದ್ದರು. ಕೆಲವು ವರ್ಷ ಅದು ಚೆನ್ನಾಗಿಯೇ ಬರೆಯಿತು. ಆಮೇಲೆ ಸೋರತೊಡಗಿದಾಗ ಬಿಚ್ಚಲು ಹೋದರೆ ಕೀಲಿಗೆಲ್ಲ ಸೂಪರ್‌ಗ್ಲೂ ಸುರಿದಿದ್ದರು; ಪೆನ್ನಿನ ಕೊಳವೆ ಬಾಯಿಯಿಂದಲೇ ಸೀಳಿತು. ಮುಂದಿನವರಿಗೆ ದಾರಿ ಮುಚ್ಚುವ ಇಂಥ ಕೆಲಸವನ್ನು ರಿಪೇರಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಪೆನ್ನು ಆ ಹೊತ್ತಿಗೆ ಎಷ್ಟೇ ಚೆನ್ನಾಗಿ ಬರೆಯಲಿ.

ನಿಬ್ಬಿನ ವಿಷಯದಲ್ಲಿ ತೀರ್ಪು ಇಷ್ಟು ಸುಲಭವಲ್ಲ. ಹಳೆಯ ಒಳ್ಳೆಯ ನಿಬ್ಬುಗಳು ಸಾಮಾನ್ಯವಾಗಿ 14 ಕ್ಯಾರೆಟ್ ಚಿನ್ನದವು, ತುದಿಯಲ್ಲಿ ಮಾತ್ರ ಸವೆತ ತಡೆಯುವ ಗಟ್ಟಿ ಲೋಹದ ಸಣ್ಣ ಮಣಿ. ಒಬ್ಬರೇ ಬಹುಕಾಲ ಬರೆದಿದ್ದರೆ ಆ ಮಣಿ ಅವರ ಕೈಯ ಓರೆಗೆ ತಕ್ಕಂತೆ ಸವೆದಿರುತ್ತದೆ. ಅದನ್ನು ಮತ್ತೆ ದುಂಡಗೆ ಅರೆದರೆ ಅಜ್ಜನ ಬರವಣಿಗೆ ಉಳಿಸಿಹೋದ ಗುರುತು ಅಳಿಸುತ್ತದೆ. ಅರೆಯದೇ ಬಿಟ್ಟರೆ ಮೊಮ್ಮಗಳ ಕೈಗೆ ಅದು ಕಾಗದ ಕೆರೆಯುತ್ತದೆ. ಇಲ್ಲಿ ನಾನು ಮೊಮ್ಮಗಳ ಪಕ್ಷ. ಪೆನ್ನು ಬರೆಯಲಿಕ್ಕೆ ಹುಟ್ಟಿದ್ದು. ನಯವಾಗಿಸುವಷ್ಟು ಮಾತ್ರ ಉಜ್ಜಲಿ. ಬಾಗಿದ ಸೀಳುಗಳನ್ನು ನೇರ ಮಾಡಲಿ. ಮಣಿ ಪೂರ್ತಿ ಉದುರಿದ್ದರೆ ಹೊಸ ಮಣಿ ಬೆಸೆಯಲಿ. ಆದರೆ ವಾಟರ್‌ಮನ್ 52ರ ಕೆಲವು ನಿಬ್ಬುಗಳಂತೆ ಒತ್ತಿದರೆ ಅಗಲವಾಗಿ ಬಾಗುವ ನಿಬ್ಬನ್ನು ಇಂದಿನ ರುಚಿಗೆಂದು ಮೊಂಡು ಮಾಡುವುದು ತಪ್ಪು. ಆ ಬಾಗು ಈಗಿನ ನಿಬ್ಬುಗಳಲ್ಲಿ ಸಿಗುವುದು ಬಹಳ ಅಪರೂಪ.

ಪಾರ್ಕರ್ 51 ಎಂಬ ಪೆನ್ನಿನಲ್ಲಿ ಬಣ್ಣ ಮಾಸುವ, ಚೀಲ ಕೆಡುವ ಕಷ್ಟಗಳು ಕಡಿಮೆ. 1941ರಲ್ಲಿ ಅಮೆರಿಕದ ಪೇಟೆಗೆ ಬಂದ ಇದರ ನಿಬ್ಬು ತುದಿಯಷ್ಟೇ ಕಾಣುವಂತೆ ಮುಸುಕಿನೊಳಗಿರುತ್ತದೆ. ಹೀರೋ ಪೆನ್ನಿನಲ್ಲಿ ಪರೀಕ್ಷೆ ಬರೆದವರಿಗೆ ಈ ಆಕಾರ ಚೆನ್ನಾಗಿ ಗೊತ್ತು. ಚೀನಾದ ಆ ಪೆನ್ನು ಹಿಡಿದದ್ದು ಇದೇ ದಾರಿ. ಮೊದಲ ವರ್ಷಗಳ 51ರಲ್ಲಿ ರಬ್ಬರ್ ಪೊರೆಯೊಂದು ಇಂಕನ್ನು ಎಳೆದುಕೊಳ್ಳುತ್ತಿತ್ತು. ಅದು ಕೆಟ್ಟರೆ ವಿಶೇಷ ಉಪಕರಣವಿಲ್ಲದೆ ಬಿಚ್ಚಲಾಗದು, ಬಲ್ಲವರಿಗೆ ದುಡ್ಡು ಕೊಟ್ಟು ಮಾಡಿಸಬೇಕಾದ ಕೆಲಸವದು. 1948ರಿಂದ ಬಂದ ಮಾದರಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲವಿದೆ, ಅವುಗಳಲ್ಲಿ ಎಷ್ಟೋ ಚೀಲಗಳು ಇಂದಿಗೂ ಗಟ್ಟಿಮುಟ್ಟಾಗಿವೆ. ಇಂಥ ಪೆನ್ನು ಬರೆಯದಿದ್ದರೆ ಮುಸುಕಿನೊಳಗೆ ಇಂಕು ಒಣಗಿರುವುದೇ ಹೆಚ್ಚಾಗಿ ಕಾರಣ. ತಣ್ಣೀರಿನಲ್ಲಿ ನೆನೆಸಿ, ಚೀಲ ಒತ್ತಿ ಒತ್ತಿ ತೊಳೆದರೆ ಬಹುತೇಕ ಸರಿಹೋಗುತ್ತದೆ. ಸ್ಪಿರಿಟ್ ಮುಟ್ಟಿಸಬಾರದು, ಅದರ ಅಕ್ರಿಲಿಕ್ ಮೈ ಸಣ್ಣಗೆ ಬಿರುಕು ಬಿಡುತ್ತದೆ. ತೊಳೆದಷ್ಟಕ್ಕೇ ಪೂರ್ಣ ರಿಪೇರಿಯ ದರ ಕೇಳುವುದು ನ್ಯಾಯವಲ್ಲ.

ನಮ್ಮ ನೆರೆಯ ಆಂಧ್ರದ ರಾಜಮಂಡ್ರಿಯಲ್ಲಿ ಗಾಂಧೀಜಿಯ ಸ್ವದೇಶಿ ಕರೆಗೆ ಓಗೊಟ್ಟು ಹುಟ್ಟಿದ ರತ್ನಂ ಪೆನ್ನಿನಂಥ ಎಬೊನೈಟ್ ಪೆನ್ನುಗಳಲ್ಲಿ ಚೀಲವೇ ಇರುತ್ತಿರಲಿಲ್ಲ. ಡ್ರಾಪರಿನಲ್ಲಿ ಇಂಕನ್ನು ನೇರ ಕೊಳವೆಗೇ ತುಂಬುವುದು. ಅರ್ಧ ಖಾಲಿಯಾದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕು ತೊಟ್ಟಿಕ್ಕುವ ಕಾಟ ಅವಕ್ಕಿದೆ, ನಿಜ. ಆದರೂ ಕೆಡುವ ಭಾಗಗಳು ಇಷ್ಟು ಕಡಿಮೆ ಇರುವ ಇಂಕ್ ಪೆನ್ನನ್ನು ನಾನು ಕಂಡಿಲ್ಲ.

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಲಿವರ್ ಪೆನ್ನು ಇರಬಹುದು. ಕುತೂಹಲಕ್ಕೂ ಅದರ ಲಿವರನ್ನು ಬಲವಂತವಾಗಿ ಎತ್ತಬೇಡಿ. ಒಳಗೆ ಚೀಲ ಕಲ್ಲಾಗಿದ್ದರೆ ಲಿವರ್ ಮುರಿದು ಪೆನ್ನಿನ ಮೈಯೂ ಸೀಳುತ್ತದೆ. ರಿಪೇರಿಗೆ ಕೊಡುವ ಮುಂಚೆ ಯಾವ ಅಂಟು ಹಾಕುತ್ತೀರಿ ಎಂದು ಕೇಳಿ. ಅರಗು ಎಂಬ ಉತ್ತರ ಬಂದರೆ ಕೊಡಿ, ಪಾಲಿಶ್ ಮಾತ್ರ ಬೇಡವೆಂದು ಹೇಳಿ.